ಮಾಗಳದ ಹೂವಿನ ಹೊಲದಲ್ಲಿ ಎರಡು ವರ್ಷ

ಬಟ್ಟೆಯಲ್ಲಿ ಸಿಕ್ಕಿಸಿಟ್ಟಿದ್ದ ಸೂಜಿ ಬೆರಳೊಳಗೆ ಹೋದದ್ದು ನನಗೆ ಗೊತ್ತಾಗಲಿಲ್ಲ. ನೋಡಿದ್ದು ಎದುರಿಗೆ ಕುಳಿತಿದ್ದ ಕಾಲೇಜು ಹುಡುಗಿ. "ಅಕ್ಕಾ, ರಕ್ತ ರೀ!" ಎಂದು ಅವಳು ಚೀರಿದಾಗ ಕೆಳಗೆ ನೋಡಿದೆ. ಬಲಗೈಯ ಕಿರುಬೆರಳಿನ ತುದಿಯಲ್ಲಿ ಸೂಜಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಬಂದಿತ್ತು. ಅವಳ ದಿಂಬಿನ ಚೀಲದ ಮೇಲೆ ನಾನು ಅಚ್ಚು ಹಾಕಿದ್ದ ನೀಲಿ ಗುಲಾಬಿಯ ಮೇಲೆ ಕೆಂಪು ಚುಕ್ಕೆಗಳು. ನಾನು ಸೂಜಿಯನ್ನು ಕಿತ್ತು, "ಏನಾಗಿಲ್ಲ ಬಿಡು, ನನಗ ರೂಢಿ ಐತಿ" ಎಂದು ನಕ್ಕೆ. ಆದರೆ ಆ ಬೆರಳಿನಲ್ಲಿ ನೋವೇ ಇರಲಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಊರು ಕೊಟ್ಟೂರು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಕಿರಾಣಿ ಅಂಗಡಿ ಇಟ್ಟಿದ್ದ ಅಣ್ಣ ಮಲ್ಲಣ್ಣ, ಅತ್ತಿಗೆ ಗಿರಿಜಾ ಮತ್ತು ಅವರ ಇಬ್ಬರು ಮಕ್ಕಳ ಜೊತೆ ನಾನಿದ್ದೆ. ಕಸೂತಿಗೆ ಡಿಸೈನ್ ಹಾಕಿಕೊಡುವುದು ನನ್ನ ಕೆಲಸ. ತೆಳು ಕಾಗದದ ಮೇಲೆ ಹೂ, ನವಿಲು, ಹಂಸ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಹತ್ತಿಯಿಂದ ಒರೆಸಿದರೆ ಚಿತ್ರ ಮೂಡುತ್ತಿತ್ತು. ಹುಡುಗಿಯರು ಅದರ ಮೇಲೆ ದಾರ ಹಾಕುತ್ತಿದ್ದರು. ಚಿತ್ರಗಳು ನನ್ನವೇನಲ್ಲ, ಅಂಗಡಿಯಲ್ಲಿ ಸಿಗುವ ಡಿಸೈನ್ ಪುಸ್ತಕದವು. ನಾನು ಅದುವರೆಗೆ ಹಂಸವನ್ನು ಕಣ್ಣಿಂದ ನೋಡಿಯೇ ಇರಲಿಲ್ಲ.

ಮೊಣಕೈ ಹತ್ತಿರ ಒಂದು ಬಿಳಿಚಿದ ಮಚ್ಚೆ ವರ್ಷದಿಂದ ಇತ್ತು. ಬೆನ್ನ ಮೇಲೆ ಇನ್ನೆರಡು. ಊರಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಲೇ ಇದ್ದೆ. ಹರಪನಹಳ್ಳಿಯ ಕಡೆ ಒಂದು ಸಂಬಂಧ ಒಪ್ಪಿಗೆಯಾಗಿ, ಬೇಸಿಗೆಯಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಮಚ್ಚೆ ಹೋದರೆ ಸಾಕೆಂದು ಅಣ್ಣ ನನ್ನನ್ನು ಕೂಡ್ಲಿಗಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಚರ್ಮದ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಅವರ ಕೋಣೆಯ ಹೊರಗಿನ ಬೆಂಚು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬೇರೆ ಬೆಂಚುಗಳ ಮೇಲೆ ಜನ ಒತ್ತಿಕೊಂಡು ಕೂತಿದ್ದರೆ ಈ ಬೆಂಚಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಮೊಳ ಜಾಗ. ಒಬ್ಬ ಹೆಂಗಸು ಉರಿಬಿಸಿಲಿನಲ್ಲೂ ಸೆರಗನ್ನು ಮಣಿಕಟ್ಟಿನವರೆಗೆ ಹೊದ್ದಿದ್ದಳು. ಯಾರೂ ಯಾರನ್ನೂ "ಏನಾಗೇತಿ?" ಎಂದು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ಮೌನವಾದ ಬೆಂಚನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಡಾಕ್ಟರು ಕಣ್ಣು ಮುಚ್ಚಲು ಹೇಳಿದರು. "ಹತ್ತಿ ಮುಟ್ಟಸ್ತೀನಿ. ಎಲ್ಲಿ ಮುಟ್ಟೇತಿ ಬೆರಳಿಟ್ಟು ತೋರಸ್ರಿ." ನಾನು ಕಾದೆ. ಬಹಳ ಹೊತ್ತು ಕಾದೆ. ಅವರು ಇನ್ನೂ ಶುರು ಮಾಡಿಲ್ಲ ಎಂದುಕೊಂಡಿದ್ದೆ. ಕಣ್ಣು ತೆರೆದಾಗ ಅಣ್ಣನ ಮುಖ ಕಂಡಿತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಡಾಕ್ಟರು ಹತ್ತಿಯನ್ನು ಐದಾರು ಸಲ ಮುಟ್ಟಿಸಿಯಾಗಿತ್ತು.

ಅವರು ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿ, ಬರೆದುಕೊಂಡು, ಮೆಲ್ಲಗೆ ಹೇಳಿದರು. ಕುಷ್ಠ. ಎರಡು ವರ್ಷ ಗುಳಿಗೆ ತಪ್ಪಿಸದೆ ತೆಗೆದುಕೊಂಡರೆ ಪೂರ್ತಿ ವಾಸಿಯಾಗುತ್ತದೆ, ಗುಳಿಗೆ ಶುರುವಾದ ಮೇಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮನೆಯಲ್ಲೇ ಇರಬಹುದು. ಇದೆಲ್ಲ ಅವರು ಹೇಳಿದ್ದು ನಿಜ. ನಾವಿಬ್ಬರೂ ಕೇಳಿಸಿಕೊಂಡದ್ದು ಮೊದಲನೆಯ ಶಬ್ದ ಮಾತ್ರ.

ಕೊಟ್ಟೂರಿನ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕದಲ್ಲೇ ಕೂತ. ಅದನ್ನು ನಾನು ಮರೆತಿಲ್ಲ.  ಇಳಿಯುವಾಗ, "ಗಿರಿಜಾಗ ನಾನ ಹೇಳ್ತೀನಿ. ನೀ ಸುಮ್ಮನಿರು" ಎಂದ.

ಅತ್ತಿಗೆ ಕೂಗಾಡಲಿಲ್ಲ, ಅಳಲಿಲ್ಲ. ಮರುದಿನ ನನ್ನ ತಾಟು ಹಿತ್ತಲ ಕಟ್ಟೆಯ ಮೇಲಿತ್ತು. ಮಕ್ಕಳು ನನ್ನ ಕೋಣೆಯ ಬಾಗಿಲಿಗೆ ಬಂದು ಅಲ್ಲೇ ನಿಂತರು. ಚಿಕ್ಕವಳು, "ಅತ್ತಿ, ನಿನ್ನ ಹತ್ರ ಬರಬಾರದಂತ, ಅವ್ವ ಹೇಳ್ಯಾಳ" ಎಂದು ನಿಷ್ಕಪಟವಾಗಿ ಹೇಳಿ ಓಡಿಹೋದಳು. ಅತ್ತಿಗೆಯ ಮೇಲೆ ನನಗೆ ಸಿಟ್ಟು ಬಂದದ್ದು ಎಷ್ಟೋ ತಿಂಗಳ ಮೇಲೆ. ಆಗ ಬಂದದ್ದು ನಾಚಿಕೆ, ಮಾಡಬಾರದ್ದನ್ನು ಮಾಡಿ ಸಿಕ್ಕಿಬಿದ್ದ ಹಾಗೆ.

ಹದಿನೈದು ದಿನದೊಳಗೆ ಅಣ್ಣ ನನ್ನನ್ನು ಮಾಗಳಕ್ಕೆ ಬಿಟ್ಟುಬಂದ. ಹೂವಿನಹಡಗಲಿ ತಾಲೂಕಿನ ಆ ಊರಲ್ಲಿ ನೀಲಮ್ಮತ್ತೆ, ಅಪ್ಪನ ಅಕ್ಕ, ಹೊಳೆದಂಡೆಯ ಹತ್ತಿರ ಮಲ್ಲಿಗೆ ತೋಟ ಮಾಡಿಕೊಂಡಿದ್ದಳು. ಅವಳ ಮನೆ ಊರೊಳಗೆ. ನನಗೆ ಕೊಟ್ಟದ್ದು ಹೊಲದಲ್ಲಿದ್ದ ಪಂಪ್‌ಸೆಟ್ ಕೋಣೆ. ಒಂದು ಬಾಗಿಲು, ಪೂರ್ವಕ್ಕೊಂದು ಕಿಟಕಿ, ಮೂಲೆಯಲ್ಲಿ ಎಣ್ಣೆ ವಾಸನೆಯ ಯಂತ್ರ. ಅತ್ತೆ ಕೆಟ್ಟವಳಲ್ಲ. ಚಾಪೆ, ಕೌದಿ, ಒಲೆ, ಪಾತ್ರೆ ಎಲ್ಲ ಜೋಡಿಸಿದ್ದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದಳು:

"ಶಾಂತಾ, ಒಂದು ಮಾತು. ಹೂವು ಮುಟ್ಟಬ್ಯಾಡವ್ವ. ದೇವರಿಗೆ ಹೋಗಾವು, ಮಂದಿ ಮುಡಿಯಾವು. ಬೆಳಿಗ್ಗಿ ಬಿಡಿಸಾಕ ಹೆಣ್ಮಕ್ಕಳು ಬರ್ತಾರ. ಅವರು ಹೋಗಾತನಕ ಒಳಗ ಇರು. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

"ಇಲ್ಲತ್ತಿ" ಎಂದೆ.

ಮಲ್ಲಿಗೆ ಆಗಷ್ಟೇ ಮೊಗ್ಗು ಬಿಡಲು ಶುರುವಾಗಿತ್ತು. ಕೋಣೆಯ ಮೂರು ಕಡೆ ಗಿಡ, ಒಂದು ಕಡೆ ಹೊಳೆ. ಸಂಜೆಯಾದರೆ ಆ ವಾಸನೆ ಕಿಟಕಿಯಿಂದ ನುಗ್ಗಿ ಕೌದಿಗೂ ಅನ್ನಕ್ಕೂ ಹತ್ತುತ್ತಿತ್ತು. ಅಷ್ಟು ಹೂವಿನ ನಡುವೆ, ಒಂದನ್ನೂ ಮುಟ್ಟದೆ, ನಾನು ಇದ್ದೆ.

ಮೊದಲ ಎರಡು ತಿಂಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಗುಳಿಗೆ ನುಂಗುವುದು, ಮಲಗುವುದು. ತಿಂಗಳಿಗೊಮ್ಮೆ ನುಂಗುವ ದೊಡ್ಡ ಗುಳಿಗೆಯ ಮರುದಿನ ಮೂತ್ರ ಕೆಂಪಾದಾಗ ಸತ್ತೇ ಹೋಗುತ್ತೇನೆಂದು ಹೆದರಿ, ಹೇಳಲು ಯಾರೂ ಇಲ್ಲದೆ ಗೋಡೆಗೆ ಒರಗಿ ಕೂತಿದ್ದೆ. ಅದು ಗುಳಿಗೆಯದೇ ಬಣ್ಣ ಎಂದು ಆಮೇಲೆ ತಿಳಿಯಿತು. ಮೈ ನಿಧಾನವಾಗಿ ಕಪ್ಪಾಗತೊಡಗಿತು. ಕನ್ನಡಿ ಇರಲಿಲ್ಲ, ತೊಟ್ಟಿಯ ನೀರಿನಲ್ಲಿ ಮುಖ ನೋಡಿಕೊಂಡು, ಇವಳು ಯಾರೋ ಎನಿಸಿ ನೀರು ಕಲಕಿಬಿಟ್ಟೆ. ದಿನಗಟ್ಟಲೆ ಮಾತಾಡದೆ ಇದ್ದರೆ ಗಂಟಲು ಒಣಗಿ ಹೋಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ದನಿ ಇದೆಯೋ ಇಲ್ಲವೋ ಎಂದು ನೋಡಲು ಕಸೂತಿ ದಾರದ ಬಣ್ಣಗಳ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ: ಗಿಳಿಹಸಿರು, ಈರುಳ್ಳಿ ಬಣ್ಣ, ಕುಸುಬಿ ಬಣ್ಣ, ನವಿಲುನೀಲಿ.

ತಿಂಗಳ ಗುಳಿಗೆ ತರುತ್ತಿದ್ದವರು ರಾಜಾಸಾಬ್ ಎಂಬ ಆರೋಗ್ಯ ಇಲಾಖೆಯ ಕೆಲಸದವರು. ಹಡಗಲಿಯಿಂದ ಸೈಕಲ್ ಮೇಲೆ ಬಂದು, ಎದುರಿಗೇ ಗುಳಿಗೆ ನುಂಗಿಸಿ, ಕೈಕಾಲು ನೋಡಿ ಹೋಗುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಮೂರನೇ ಸಲ ಬಂದಾಗ ಬಿಸಿಲು ಜೋರಾಗಿತ್ತು. ಕಟ್ಟೆಯ ಮೇಲೆ ಕೂತು ಟವೆಲ್‌ನಿಂದ ಮುಖ ಒರೆಸಿಕೊಂಡು, "ಏನಮ್ಮಾ, ಒಂದು ಚಾ ಮಾಡ್ಕೊಡಾಕ ಆಗಲ್ಲೇನು?" ಎಂದರು.

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. "ನಾನು ಮಾಡಿದ್ದಾ?"

"ಮತ್ತ್ಯಾರು ಅದಾರ ಇಲ್ಲಿ? ಆ ಪಂಪ್‌ಸೆಟ್ ಮಾಡಿಕೊಡ್ತೈತೇನು?"

ಸಕ್ಕರೆ ಇರಲಿಲ್ಲ, ಬೆಲ್ಲ ಹಾಕಿದೆ. ಲೋಟವನ್ನು ಕಟ್ಟೆಯ ಮೇಲಿಡಲು ಬಗ್ಗಿದೆ. ಅವರು ಲೋಟವನ್ನು ನನ್ನ ಕೈಯಿಂದಲೇ ತೆಗೆದುಕೊಂಡು, ಊದಿ ಊದಿ, ಕೊನೆಯ ಗುಟುಕಿನ ತನಕ ಕುಡಿದರು. "ಬೆಲ್ಲ ಜಾಸ್ತಿ ಆತು" ಎಂದರು. ನಾಲ್ಕು ತಿಂಗಳಿಂದ ನನ್ನ ಕೈಯ ಅಡುಗೆಯನ್ನು ಒಬ್ಬರೂ ಬಾಯಿಗಿಟ್ಟಿರಲಿಲ್ಲ. ಅದರಲ್ಲಿ ತಪ್ಪು ಹುಡುಕುವಷ್ಟು ಕುಡಿದವರು ಇವರೇ ಮೊದಲು. ನಾನು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆಮೇಲೆ ಅವರು ನನ್ನ ಬಲಗೈ ಹಿಡಿದು, ಬಾಗತೊಡಗಿದ್ದ ಕೊನೆಯ ಎರಡು ಬೆರಳುಗಳನ್ನು ಒಂದೊಂದಾಗಿ ನೀವಿ ತೋರಿಸಿದರು. "ದಿನಾ ನೀರಾಗ ನೆನಸು, ಎಣ್ಣಿ ಹಚ್ಚು, ಹಿಂಗ ತೊಡಿಮ್ಯಾಲ ಇಟ್ಟು ಸೆಟಗೊಳಿಸು. ಸುಮ್ನ ಬಿಟ್ರ ಮಡಚ್ಕೊಂತಾವು. ನೀ ಏನು ಕೆಲಸ ಮಾಡ್ತಿದ್ದಿ?"

"ಡಿಸೈನ್ ಬರಿತಿದ್ದೆ."

"ಹಂಗಾರ ಪೆನ್ಸಿಲ್ ಹಿಡಿ. ಅದಕ್ಕಿಂತ ದೊಡ್ಡ ವ್ಯಾಯಾಮ ಇಲ್ಲ."

ಮುಂದಿನ ತಿಂಗಳು ಒಂದು ಪೆನ್ಸಿಲ್ಲು, ಕಚೇರಿಯಲ್ಲಿ ಉಳಿದ ಹಳೆ ಫಾರ್ಮುಗಳ ಕಟ್ಟು ತಂದರು. ಮುಂಬದಿಯಲ್ಲಿ "ರೋಗಿಯ ಹೆಸರು, ಮಚ್ಚೆಗಳ ಸಂಖ್ಯೆ" ಎಂದು ಅಚ್ಚಾಗಿತ್ತು. ಹಿಂಬದಿ ಖಾಲಿ. ನಾನು ಮೊದಲು ನೆನಪಿನಿಂದ ನವಿಲು ಬರೆಯಲು ಹೋದೆ. ಕತ್ತಿನ ಉದ್ದ ಗೆರೆ ಎಳೆಯುವಷ್ಟರಲ್ಲಿ ಪೆನ್ಸಿಲ್ ಜಾರಿತು. ಇನ್ನೊಮ್ಮೆ, ಮತ್ತೊಮ್ಮೆ. ಕಾಗದ ಹರಿದು ಒಲೆಗೆ ಹಾಕಿ, ಅಂದು ಊಟ ಮಾಡಲಿಲ್ಲ. ಕಳೆದುಕೊಂಡದ್ದು ಮದುವೆ, ಮನೆ ಇವೆರಡೇ ಅಂದುಕೊಂಡಿದ್ದೆ, ಇದೂ ಹೋಯಿತು ಎನಿಸಿತು.

ಮರುದಿನ ಬೆಳಿಗ್ಗೆ, ಮೊಗ್ಗು ಬಿಡಿಸುವ ಹೆಂಗಸರು ಹೋಗುವುದನ್ನು ಕಾಯುತ್ತ ಕಿಟಕಿಯಲ್ಲಿ ಕೂತಿದ್ದೆ. ಎದುರಿಗೆ ಬದುವಿನ ಮೇಲೆ ಒಂದು ಜಾಲಿಗಿಡ. ಅದರ ಒಂದು ಟೊಂಗೆ ಕಿಟಕಿಗೆ ಬಗ್ಗಿತ್ತು. ಮುಳ್ಳುಗಳು ಬೆಳ್ಳಗೆ, ಜೋಡಿ ಜೋಡಿಯಾಗಿ. ಮಧ್ಯೆ ಸಾಸಿವೆಯಷ್ಟು ಸಣ್ಣ ಹಳದಿ ಮೊಗ್ಗು. ಮುಳ್ಳಿಗೆ ಉದ್ದ ಗೆರೆ ಬೇಕಾಗಿಲ್ಲ, ಒಂದು ಗೀಚು ಸಾಕು. ನಾನು ಒಂದು ಮುಳ್ಳು ಬರೆದೆ. ಸರಿಯಾಗಿತ್ತು. ಇನ್ನೊಂದು ಬರೆದೆ. ಹೆಂಗಸರು ಯಾವಾಗ ಹೋದರೋ ತಿಳಿಯಲಿಲ್ಲ. ಹೊಟ್ಟೆ ಹಸಿದು ತಲೆ ಎತ್ತಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪುಸ್ತಕ ನೋಡದೆ ನಾನು ಬರೆದ ಮೊದಲ ಚಿತ್ರ ಅದು.

ಅಲ್ಲಿಂದ ಮುಂದೆ ಹೊಲ ನನಗೆ ಬೇರೆಯಾಗಿ ಕಂಡಿತು. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದು ಬಿಟ್ಟ ಮರಳಿನ ಮೇಲೆ ಗಾಳಿ ಎಳೆದ ಏರಿಳಿತದ ಗೆರೆಗಳು. ಅದರ ಅಡ್ಡಕ್ಕೆ ಕೊಕ್ಕರೆ ನಡೆದುಹೋದ ಹೆಜ್ಜೆ, ಸೀರೆಯ ಅಂಚಿನಂತೆಯೇ. ಮೃಗಶಿರಾ ನಕ್ಷತ್ರದ, ನಮ್ಮ ಕಡೆ ಮಿರಗ ಎನ್ನುವ, ಮೊದಲ ಮಳೆ ಬಿದ್ದ ಮರುದಿನ ಹಸಿಮಣ್ಣಿನಿಂದ ಎದ್ದುಬಂದ ಕೆಂಪು ಮಖಮಲ್ಲಿನ ಹುಳಗಳು. ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡೆ. ಎಡಗೈ ಮೇಲೆ ಅದರ ಕಾಲಿನ ಕಚಗುಳಿ ತಿಳಿಯಿತು. ಬಲಗೈಯ ಕಿರುಬೆರಳಿನ ಮೇಲೆ ಹೋದಾಗ ಕಣ್ಣಿಗೆ ಮಾತ್ರ ತಿಳಿಯಿತು. ಆಮೇಲೆ ಹೊಸ ನೀರು ಕೆಂಪಗೆ ಬಂದು ಹೊಳೆ ತುಂಬಿತು. ನೀರಿನ ಮೇಲೆ ತೇಲಿಬಂದ ಕಸಕಡ್ಡಿಗಳು ದಂಡೆಗೆ ಬಿಟ್ಟುಹೋದ ಬಳ್ಳಿಯಂಥ ಸಾಲು. ಆಚೆ ಹೊಲದ ಜೋಳ ತೆನೆ ಕಟ್ಟಿದಾಗ ಗೀಜಗಗಳು ಬಂದವು. ಇವೆಲ್ಲ ಮೊದಲೂ ಇದ್ದವು. ಕೊಟ್ಟೂರಿನಲ್ಲಿ ನಾನು ಪುಸ್ತಕದ ಗುಲಾಬಿ ನೋಡುತ್ತಿದ್ದೆ, ಅಷ್ಟೇ.

ಇದನ್ನು ಓದಿ ನಾನು ಸುಖವಾಗಿದ್ದೆ ಎಂದು ಯಾರೂ ತಿಳಿಯಬಾರದು. ಚಿತ್ರ ಮುಗಿದ ಕೂಡಲೇ ತೋರಿಸಬೇಕೆನಿಸುತ್ತಿತ್ತು. ತೋರಿಸಲು ಯಾರೂ ಇರಲಿಲ್ಲ. ಅತ್ತೆ ಬುತ್ತಿ ತಂದಾಗ ಒಮ್ಮೆ ಮಿರಗದ ಹುಳದ ಚಿತ್ರ ಮುಂದಿಟ್ಟೆ. "ಚೆಂದ ಐತಿ" ಎಂದಳು, ಮುಟ್ಟಲಿಲ್ಲ. ಅಣ್ಣ ಆ ವರ್ಷ ಒಂದೇ ಸಲ ಬಂದ. ಚಪ್ಪಲಿ ಬಿಡದೆ ಬದುವಿನ ಮೇಲೆ ನಿಂತು, ಹಪ್ಪಳದ ಡಬ್ಬಿ ಕೆಳಗಿಟ್ಟು, "ಹರಪನಹಳ್ಳಿಯವರಿಗೆ ನಿನಗ ಮೈಯಾಗ ಆರಾಮಿಲ್ಲ ಅಂತ ಹೇಳಿದ್ನಿ. ಅವರು ಬ್ಯಾರೆ ಕಡೆ ನೋಡ್ಕೊಂಡಾರ" ಎಂದ.  "ಗುಳಿಗಿ ತಪ್ಪಿಸಬ್ಯಾಡ" ಎಂದು ಹೊರಟ. ಅವನು ಊರ ದಾರಿ ಸೇರುವ ತನಕ ಬೆನ್ನು ನೋಡುತ್ತ ನಿಂತಿದ್ದೆ. ತಿರುಗಿ ನೋಡುತ್ತಾನೆಂದುಕೊಂಡಿದ್ದೆ.

ಚಳಿಗಾಲ ಶುರುವಾದಾಗ ಮೊಣಕೈಯಿಂದ ಕಿರುಬೆರಳಿನವರೆಗೆ ಬೆಂಕಿಯಂಥ ನೋವು ಬಂತು. ಎರಡೇ ದಿನದಲ್ಲಿ ಬೆರಳುಗಳು ಇನ್ನಷ್ಟು ಬಾಗಿದವು. ರಾಜಾಸಾಬ್ ಬರಲು ಇನ್ನೂ ಮೂರು ವಾರವಿತ್ತು. ನೋವು ಬಂದರೆ ತಡಮಾಡಬೇಡ ಎಂದು ಅವರು ಹೇಳಿದ್ದು ನೆನಪಾಗಿ, ಬೆಳಿಗ್ಗೆ ಕೈಯನ್ನು ಸೆರಗಿನಲ್ಲಿ ಸುತ್ತಿ, ಒಬ್ಬಳೇ ರಸ್ತೆಗೆ ನಡೆದು ಹಡಗಲಿಯ ಬಸ್ಸು ಹತ್ತಿದೆ. ಅಷ್ಟು ದಿನದ ಮೇಲೆ ಜನರ ನಡುವೆ. ಒಬ್ಬ ಮುದುಕಿ, "ಸರಕೊಳವ್ವ, ನಾನೂ ಕುಂದರ್ತೀನಿ" ಎಂದು ನನಗೆ ತಾಗಿಕೊಂಡು ಕೂತಳು. ಅವಳಿಗೆ ಗೊತ್ತಿರಲಿಲ್ಲ. ಆ ಇಡೀ ದಾರಿ ನಾನು ಅಲುಗಾಡದೆ ಕೂತಿದ್ದೆ, ಅವಳ ಭುಜದ ಬಿಸಿ ತಪ್ಪಿಹೋಗಬಾರದೆಂದು.

ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಕಾಯಿಸಿ, ನರಕ್ಕೆ ಬಾವು ಬಂದಿದೆ ಎಂದು ಬೇರೆ ಗುಳಿಗೆ ಕೊಟ್ಟು ಕೈಗೆ ಪಟ್ಟಿ ಕಟ್ಟಿದರು. ನಾಲ್ಕು ತಿಂಗಳು ಆ ಗುಳಿಗೆ. ನೋವು ಹೋಯಿತು. ಎರಡು ಬೆರಳು ಪೂರ್ತಿ ಸೆಟೆದು ನಿಲ್ಲಲೇ ಇಲ್ಲ, ಇಂದಿಗೂ ಇಲ್ಲ. ಇನ್ನೊಂದು ವಾರ ತಡವಾಗಿದ್ದರೆ ಇಡೀ ಅಂಗೈ ಹೋಗುತ್ತಿತ್ತು ಎಂದು ರಾಜಾಸಾಬ್ ಆಮೇಲೆ ಹೇಳಿದರು. ಉಳಿದ ಮೂರು ಬೆರಳಿನಲ್ಲೇ ಪೆನ್ಸಿಲ್ ಹಿಡಿಯುವುದನ್ನು ಕಲಿತೆ. ಗೆರೆ ಚಿಕ್ಕದಾಯಿತು, ತುಂಡು ತುಂಡಾಯಿತು. ಹುಲ್ಲಿಗೆ, ಗರಿಗೆ, ತೆನೆಯ ಮೀಸೆಗೆ ಅದು ಸಾಕಾಗುತ್ತಿತ್ತು.

ಎರಡನೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗಾಳಿಗೆ ಕಿಟಕಿಯಿಂದ ಒಂದು ಹಾಳೆ ಹಾರಿ ಮಲ್ಲಿಗೆ ಸಾಲಿಗೆ ಬಿತ್ತು. ಬಿಡಿಸುವವಳೊಬ್ಬಳು ಅದನ್ನು ಎತ್ತಿಕೊಂಡು ನೇರ ಕಿಟಕಿಗೇ ಬಂದಳು. ಹುಲಿಗೆವ್ವ ಎಂದು ಹೆಸರು. ನಾನು ಹಿಂದೆ ಸರಿದೆ.

"ಯಾಕ ಅಡಗ್ತೀ? ನೀ ಇಲ್ಲಿರಾದು ನಮಗೆಲ್ಲ ಗೊತ್ತೈತಿ. ಇದು ನಮ್ಮ ಕೈ ಅಲ್ಲೇನು?"

ಹೌದು, ಮೊಗ್ಗು ಕೀಳುವ ಕೈಗಳನ್ನು ಬಳೆಗಳ ಸಮೇತ ನಾನು ಬರೆದಿದ್ದೆ. "ತಪ್ಪಾತು, ಹರಿದು ಹಾಕ್ತೀನಿ" ಎಂದೆ.

"ಹರಿಬ್ಯಾಡ. ಈ ಬಳಿ ನಂದು. ಬಳಿ ನೋಡೇ ಗುರ್ತು ಹಿಡಿದ್ನಿ." ಅವಳು ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದಳು. "ನಮ್ಮವ್ವಗೂ ಇದ ಬ್ಯಾನಿ ಆಗಿತ್ತು. ಆಗ ಗುಳಿಗಿ ಇರಲಿಲ್ಲ. ಆಕಿ ಹಿಂಗ ಏನೂ ಬರಿಲಿಲ್ಲ, ಗ್ವಾಡಿ ನೋಡ್ಕಂತ ಕುಂತು ಸತ್ಲು. ಇದನ್ನ ನಾ ಒಯ್ತೀನಿ."

ಅವಳು ಒಯ್ದಳು. ಅತ್ತೆಗೆ ಏನು ಹೇಳಿದಳೋ ಗೊತ್ತಿಲ್ಲ, ಅತ್ತೆಯ ಒಪ್ಪಿಗೆಯಿಂದಲೇ ಮರುದಿನದಿಂದ ನಾನು ಬಾಗಿಲು ತೆರೆದು ಕೂರತೊಡಗಿದೆ. ಹುಲಿಗೆವ್ವ ಹೋಗುವಾಗ ಒಂದೆರಡು ಮಾತಾಡುತ್ತಿದ್ದಳು. ಉಳಿದವರು ದೂರದಿಂದಲೇ ನೋಡಿ ಹೋಗುತ್ತಿದ್ದರು. ಮಳೆಗಾಲಕ್ಕೆ ಹೂವು ಕಡಿಮೆಯಾಗಿ ಅವರೆಲ್ಲ ಬೇರೆ ಕೂಲಿಗೆ ಹೋದರು. ಮತ್ತೆ ನಾನೊಬ್ಬಳೇ.

ಎರಡನೇ ಚಳಿಗಾಲದ ಕೊನೆಗೆ ರಾಜಾಸಾಬ್ ಕೊನೆಯ ಗುಳಿಗೆ ನುಂಗಿಸಿ, ಕಾರ್ಡಿನ ಮೇಲೆ ಬರೆದು ಸಹಿ ಮಾಡಿದರು. "ಮುಗೀತಮ್ಮ. ನಿನ್ನ ಮೈಯಾಗ ಈಗ ರೋಗ ಇಲ್ಲ. ಬರೋ ತಿಂಗಳಿಂದ ನಾ ಬರಾದಿಲ್ಲ."

ಈ ಮಾತಿಗಾಗಿ ಎರಡು ವರ್ಷ ಕಾದಿದ್ದೆ. ಆದರೆ ಬಾಯಿಗೆ ಬಂದದ್ದು, "ಹಂಗಾರ ಚಾ ಯಾರು ಕುಡಿತಾರ?" ಎಂಬುದು. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ತಿಂಗಳಿಗೊಮ್ಮೆ ಬರುವ ಆ ಒಬ್ಬ ಮನುಷ್ಯನಿಗಾಗಿ ನಾನು ದಿನ ಎಣಿಸುತ್ತಿದ್ದೆ. ವಾಸಿಯಾದದ್ದಕ್ಕೆ ಅವರನ್ನೂ ಕಳೆದುಕೊಳ್ಳಬೇಕಾಯಿತಲ್ಲ ಎಂದು ಬಿಕ್ಕಿದೆ.

ಅವರು ಅವಸರ ಮಾಡಲಿಲ್ಲ. ನಾನು ಸುಮ್ಮನಾದ ಮೇಲೆ, ಗೋಡೆಗೆ ಒರಗಿಸಿಟ್ಟಿದ್ದ ಹಾಳೆಗಳ ಕಟ್ಟನ್ನು ತೋರಿಸಿ, "ಇಷ್ಟೆಲ್ಲ ಬರದೀ. ಇದನ್ನ ದಾರದಾಗ ಹೊಲಿಯಾಕ ಮಂದಿ ಬೇಕು. ಇಲ್ಲಿ ಕುಂತ್ರ ಮಂದಿ ಬರ್ತಾರೇನು? ಊರಿಗೆ ಹೋಗು" ಎಂದರು.

ಕೊಟ್ಟೂರಿಗೆ ಬಾ ಎಂದು ಅಣ್ಣ ಹೇಳಿಕಳಿಸಿದ್ದ. ಹೋಗಲಿಲ್ಲ. ಹೋದರೆ ಅತ್ತಿಗೆ ತಾಟನ್ನು ಎಲ್ಲಿಡುತ್ತಾಳೋ ಎಂದು ದಿನಾ ನೋಡುತ್ತಿರಬೇಕಾಗುತ್ತಿತ್ತು. ಅತ್ತೆಯೇ ಹಗರಿಬೊಮ್ಮನಹಳ್ಳಿಯಲ್ಲಿ ತನಗೆ ಗೊತ್ತಿದ್ದವರ ಮೂಲಕ ಒಂದು ಬಾಡಿಗೆ ಕೋಣೆ ನೋಡಿದಳು. ಹೊರಟ ದಿನ ಒಂದು ಮೊಳ ಮಲ್ಲಿಗೆ ತಂದು ತಾನೇ ನನ್ನ ಜಡೆಗೆ ಮುಡಿಸಿದಳು. 

ಕೋಣೆಯ ಮಾಲಕಿ ರುದ್ರಮ್ಮ ದಪ್ಪನೆಯ, ದೊಡ್ಡ ದನಿಯ ಹೆಂಗಸು. ಬೀಗ ಕೊಡುವಾಗ ನನ್ನ ಬೆರಳು ನೋಡಿ, "ಕೈಗೇನಾತು?" ಎಂದು ಕೇಳಿದಳು. ಸುಟ್ಟಿತು, ಮುರಿಯಿತು ಎಂದು ಹೇಳಲು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಆದರೆ ಮುಂದಿನ ಜೀವನವೆಲ್ಲ ಆ ಸುಳ್ಳನ್ನು ಕಾಯುತ್ತ ಕೂರಬೇಕಲ್ಲ ಎನಿಸಿತು.

"ಕುಷ್ಠ ಆಗಿತ್ತು. ಎರಡು ವರ್ಷ ಗುಳಿಗಿ ತಗೊಂಡೀನಿ. ಈಗಿಲ್ಲ. ಕಾರ್ಡ್ ಐತಿ, ತೋರಸ್ತೀನಿ" ಎಂದೆ. ಆ ಶಬ್ದವನ್ನು ನಾನು ನನ್ನ ಬಾಯಿಂದ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ರುದ್ರಮ್ಮ ನನ್ನ ಮುಖ ನೋಡಿದಳು, ಕೈ ನೋಡಿದಳು. ಅಂಗಳದಲ್ಲಿ ಯಾರದೋ ರೇಡಿಯೊ ಹಾಡುತ್ತಿತ್ತು. ಅವಳು ಬೀಗವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆಂದು ನಾನು ಚೀಲದ ಹಿಡಿಕೆ ಹಿಡಿದುಕೊಂಡೆ.

"ನಳಕ್ಕ ನೀರು ಬೆಳಿಗ್ಗಿ ಆರಕ್ಕ ಬಿಡ್ತಾರ" ಎಂದಳು. "ಐದೂವರಿಗೆ ಕೊಡ ಪಾಳಿಗೆ ಇಡು. ತಡಾ ಮಾಡಿದ್ರ ಸಿಗಾದಿಲ್ಲ. ಆಮ್ಯಾಲ ನನ್ನ ಕೇಳಬ್ಯಾಡ."

ಮರುದಿನ ಐದೂವರೆಗೆ ನನ್ನ ಕೊಡ ಇಟ್ಟೆ. ಮುಂದೆ ಹಿತ್ತಾಳೆಯವು, ಹಿಂದೆ ಪ್ಲಾಸ್ಟಿಕ್ಕಿನವು, ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ನೀರು ಬಂದಾಗ ಹೆಂಗಸರು ಜಗಳಾಡಿದರು. ಒಬ್ಬಳು ನನ್ನ ಕೊಡವನ್ನೂ ಕಾಲಿಂದ ಹಿಂದಕ್ಕೆ ತಳ್ಳಿದಳು. ನಾನು ಅದನ್ನು ಮತ್ತೆ ಮುಂದಕ್ಕೆ ತಂದು, "ನನ್ನ ಪಾಳಿ ರೀ" ಎಂದೆ. ಅವಳು ಗೊಣಗುತ್ತ ಸರಿದಳು. ಕೋಣೆಗೆ ಬಂದು, ಕೈ ಒರೆಸಿಕೊಂಡು, ಆ ಕೊಡಗಳ ಸಾಲನ್ನು, ಅವುಗಳ ಬಾಯಿಂದ ತುಳುಕಿದ ಹನಿಗಳ ಸಮೇತ ಬರೆದೆ. ಕಸೂತಿ ಕಲಿಯಲು ನನ್ನಲ್ಲಿಗೆ ಬರುವ ಹುಡುಗಿಯರು ಸೀರೆಯ ಅಂಚಿಗೆ ಹೆಚ್ಚಾಗಿ ಕೇಳುವುದು ಈಗಲೂ ಅದನ್ನೇ.